ಜೀವಕೋಶಗಳಿಗೆ ನೆಲೆ: ಕರಗುವ ಪಾಲಿಮರ್ ಮೇಲ್ಮೈಗಳ ಚರಿತ್ರೆಯಲ್ಲಿ ವಿಧಿ ಮತ್ತು ನಿಷೇಧ

ಪ್ರಾಣಿದೇಹದ ಬಹುಪಾಲು ಜೀವಕೋಶಗಳು ನಿರಾಧಾರವಾಗಿ ಬಾಳಲಾರವು. ರಕ್ತದಲ್ಲಿ ತೇಲುವ ಕಣಗಳಂಥ ಕೆಲವನ್ನು ಬಿಟ್ಟರೆ, ಉಳಿದವು ಯಾವುದಾದರೊಂದು ಆಧಾರವನ್ನು ಹಿಡಿದು, ಅದರ ಮೇಲೆ ಹರಡಿಕೊಂಡು, ಅನಂತರವೇ ಚಲನೆ, ವಿಭಜನೆ, ಸ್ರಾವ ಮೊದಲಾದ ತಮ್ಮ ಕಾರ್ಯಗಳಲ್ಲಿ ತೊಡಗುತ್ತವೆ. ಈ ಸಂಗತಿ ಇಂದು ಕಾಲೇಜಿನ ಪಠ್ಯಗಳಲ್ಲಿಯೂ ದೊರೆಯುತ್ತದೆ. ಆದರೆ ಜೀವಕೋಶವು ಎಲ್ಲಿ ಅಂಟಬೇಕು, ಎಲ್ಲಿ ಅಂಟಬಾರದು ಎಂಬುದನ್ನು ಮನುಷ್ಯನು ನಿರ್ಧರಿಸಬಲ್ಲನೆ? ಹಾಗೆ ನಿರ್ಧರಿಸಿದ ಮೇಲೆ, ಆ ಆಧಾರವು ತನ್ನ ಕೆಲಸವನ್ನು ಮುಗಿಸಿ ದೇಹದೊಳಗೆ ತಾನಾಗಿ ಕರಗಿಹೋಗುವಂತೆ ಮಾಡಬಹುದೆ? ಈ ಎರಡು ಪ್ರಶ್ನೆಗಳು ಹೇಗೆ ಹುಟ್ಟಿದುವು, ಬಹುಕಾಲ ಹೇಗೆ ಬೇರೆಬೇರೆ ದಾರಿಗಳಲ್ಲಿ ನಡೆದುವು, ಕೊನೆಗೆ ೧೯೯೦ರ ದಶಕದಲ್ಲಿ ಹೇಗೆ ಒಂದಾದುವು ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ವಿಷಯವನ್ನು ಕುರಿತ ಸಂಗ್ರಹ ವಿವರಣೆಗಳು ಸಾಮಾನ್ಯವಾಗಿ ೧೯೯೩ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಅಂಗಾಂಶ ನಿರ್ಮಾಣಶಾಸ್ತ್ರದ ಬಗ್ಗೆ ಬರೆದ ಪ್ರಸಿದ್ಧ ಸಮೀಕ್ಷೆಯಿಂದ ಆರಂಭವಾಗುತ್ತವೆ. ಆ ಲೇಖನದ ಮಹತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿಂದಲೇ ಕಥೆಯನ್ನು ತೊಡಗಿದರೆ ಒಂದು ಮುಖ್ಯ ತತ್ತ್ವವು ಕಣ್ಮರೆಯಾಗುತ್ತದೆಂಬುದು ನಮ್ಮ ಅಭಿಪ್ರಾಯ. ಮೀಮಾಂಸಕರ ಪರಿಭಾಷೆಯನ್ನು ಎರವಲಾಗಿ ಪಡೆದು ಹೇಳುವುದಾದರೆ, ‘ಇಲ್ಲಿ ಅಂಟು’ ಎಂಬುದು ವಿಧಿ. ‘ಅಲ್ಲಿ ಅಂಟಬೇಡ’ ಎಂಬುದು ನಿಷೇಧ. ಜೀವಕೋಶಗಳ ವಿಷಯದಲ್ಲಿ ವಿಧಿಯನ್ನು ವಿಧಿಸುವುದು ಸುಲಭ, ನಿಷೇಧವನ್ನು ಸ್ಥಾಪಿಸುವುದು ಕಷ್ಟ; ನಿಷೇಧವು ಸಿದ್ಧಿಸಿದಲ್ಲಿ ಮಾತ್ರ ವಿಧಿಗೆ ಅರ್ಥ ಬಂದಿತು. ಈ ಕ್ಷೇತ್ರದ ಚರಿತ್ರೆಯ ಒಳತಿರುಳು ಇದೇ ಎಂಬುದನ್ನು ಮುಂದಿನ ಪುಟಗಳಲ್ಲಿ ನಿರೂಪಿಸಲು ಯತ್ನಿಸುತ್ತೇವೆ.

೧

ಜೀವಕೋಶಕ್ಕೆ ಆಧಾರವು ಬೇಕೆಂಬ ವಿಚಾರವು ಪ್ರಯೋಗದಿಂದ ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ೧೯೦೭ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಅವರು ಕಪ್ಪೆಯ ಭ್ರೂಣದಿಂದ ನರಾಂಗಾಂಶದ ಸಣ್ಣ ತುಣುಕೊಂದನ್ನು ತೆಗೆದು, ಕಪ್ಪೆಯದೇ ಲಿಂಫ್ ದ್ರವದ ಹನಿಯಲ್ಲಿಟ್ಟು, ಹನಿಯು ಹೆಪ್ಪುಗಟ್ಟಿದ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದರು. ನರತಂತುವು ಒಂದೇ ಜೀವಕೋಶದಿಂದ ಹೊರಟು ಬೆಳೆಯುವುದನ್ನು ಅವರು ಪ್ರತ್ಯಕ್ಷವಾಗಿ ಕಂಡರು. ನರತಂತುಗಳು ಹೇಗೆ ಹುಟ್ಟುತ್ತವೆಂಬ ಅಂದಿನ ವಿವಾದಕ್ಕೆ ಇದರಿಂದ ನಿರ್ಣಾಯಕವಾದ ಉತ್ತರ ದೊರೆಯಿತು. ದೇಹದ ಹೊರಗೆ ಅಂಗಾಂಶಗಳನ್ನು ಬೆಳೆಸುವ ವಿಧಾನಕ್ಕೂ ಇದೇ ನಾಂದಿಯಾಯಿತು.

ಆದರೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಅವರ ೧೯೧೪ರ ಲೇಖನ. ತಂತು ಬೆಳೆದದ್ದು ದ್ರವದಿಂದಲೋ, ದ್ರವದಲ್ಲಿದ್ದ ಹೆಪ್ಪಿನ ಎಳೆಗಳಿಂದಲೋ ಎಂಬ ಶಂಕೆಯನ್ನು ಅವರು ಆಗ ಕೈಗೆತ್ತಿಕೊಂಡರು. ಇದಕ್ಕಾಗಿ ಅವರು ಆರಿಸಿಕೊಂಡ ವಸ್ತು ಜೇಡರಬಲೆಯ ಎಳೆ. ದ್ರವದಲ್ಲಿ ಈ ಎಳೆಗಳನ್ನು ಹರಡಿ ಭ್ರೂಣದ ಜೀವಕೋಶಗಳನ್ನು ಇಟ್ಟಾಗ, ಅವು ಎಳೆಯನ್ನು ಹಿಡಿದು, ಅದರ ಉದ್ದಕ್ಕೆ ನೀಳವಾಗಿ ಚಾಚಿಕೊಂಡು ಚಲಿಸಿದುವು. ಘನವಾದ ಆಧಾರವು ಚಲನೆಗೆ ಅವಶ್ಯಕ, ಅಷ್ಟೇ ಅಲ್ಲದೆ ಆಧಾರದ ಆಕಾರವು ಜೀವಕೋಶದ ಆಕಾರವನ್ನೂ ದಿಕ್ಕನ್ನೂ ನಿರ್ಣಯಿಸಬಲ್ಲುದು ಎಂಬ ಎರಡು ತತ್ತ್ವಗಳು ಇದರಿಂದ ಸಿದ್ಧಿಸಿದುವು. ಇಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಎಳೆಯು ವಿಧಿಯಾಗಿತ್ತು, ಸುತ್ತಣ ದ್ರವದಲ್ಲಿ ಹಿಡಿಯಲು ಏನೂ ಇಲ್ಲದಿದ್ದುದೇ ನಿಷೇಧವಾಗಿತ್ತು. ಆ ಪ್ರಯೋಗದಲ್ಲಿ ನಿಷೇಧವು ಪ್ರಕೃತಿಸಹಜವಾಗಿ ಒದಗಿದ್ದರಿಂದ ಅದರ ಬೆಲೆಯು ಯಾರ ಗಮನಕ್ಕೂ ಬರಲಿಲ್ಲ.

ಹ್ಯಾರಿಸನ್ನರ ತರುವಾಯ ಪಾಲ್ ವೈಸ್ ಅವರು ಈ ಮಾರ್ಗವನ್ನು ಮುಂದುವರಿಸಿದರು. ರಕ್ತದ್ರವದ ಹೆಪ್ಪನ್ನು ಎಳೆದು ಬಿಗಿಗೊಳಿಸಿದರೆ ಅದರೊಳಗಿನ ಸೂಕ್ಷ್ಮ ಎಳೆಗಳು ಒಂದೇ ದಿಕ್ಕಿಗೆ ಸಾಲುಗೊಳ್ಳುತ್ತವೆ. ಅದರಲ್ಲಿ ಬೆಳೆಯುವ ನರತಂತುಗಳೂ ಅದೇ ದಿಕ್ಕನ್ನು ಹಿಡಿಯುತ್ತವೆ. ೧೯೩೪ ಮತ್ತು ೧೯೪೫ರ ಲೇಖನಗಳಲ್ಲಿ ವಿವರಿಸಿದ ಈ ವ್ಯಾಪಾರವು ಸಂಸ್ಪರ್ಶ ಮಾರ್ಗದರ್ಶನವೆಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾಯಿತು. ಇದು ದಿಕ್ಕಿನ ನಿಯಂತ್ರಣ. ಎಲ್ಲೆಯ ನಿಯಂತ್ರಣಕ್ಕೆ, ಎಂದರೆ ಜೀವಕೋಶವನ್ನು ಇಂತಿಷ್ಟೇ ಸ್ಥಳದಲ್ಲಿ ನಿಲ್ಲಿಸುವುದಕ್ಕೆ, ಇನ್ನೂ ಇಪ್ಪತ್ತು ವರ್ಷಗಳು ಬೇಕಾದುವು.

೨

ನಿಷೇಧವನ್ನು ಬುದ್ಧಿಪೂರ್ವಕವಾಗಿ ನಿರ್ಮಿಸಿದ ಗೌರವವು ಇಂಗ್ಲೆಂಡಿನ ಎಸ್. ಬಿ. ಕಾರ್ಟರ್ ಅವರಿಗೆ ಸಲ್ಲಬೇಕು. ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯ ಸಂಶೋಧನಾಲಯದಲ್ಲಿದ್ದ ಅವರು ಸೆಲ್ಯುಲೋಸ್ ಅಸಿಟೇಟಿನ ಮೇಲ್ಮೈಗೆ ಜೀವಕೋಶಗಳು ಬಹಳ ದುರ್ಬಲವಾಗಿ ಮಾತ್ರ ಅಂಟುತ್ತವೆಂಬುದನ್ನು ಬಳಸಿಕೊಂಡರು. ನಿರ್ವಾತದಲ್ಲಿ ಪಲೇಡಿಯಂ ಲೋಹವನ್ನು ಆವಿಯಾಗಿಸಿ ಆ ಮೇಲ್ಮೈಯ ಮೇಲೆ ಅತಿ ತೆಳುವಾಗಿ ಲೇಪಿಸಿದಾಗ, ಲೇಪವಿದ್ದಲ್ಲಿ ಜೀವಕೋಶಗಳು ದೃಢವಾಗಿ ಅಂಟಿದುವು. ಲೇಪವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ದಟ್ಟವಾಗುವಂತೆ ಮಾಡಿದರೆ ಅವು ದಟ್ಟವಾದ ಕಡೆಗೆ ಸಾಗಿದುವು. ಅಂಟುವಿಕೆಯ ತಾರತಮ್ಯದಿಂದ ಉಂಟಾಗುವ ಈ ಚಲನೆಯನ್ನು ಹ್ಯಾಪ್ಟೊಟ್ಯಾಕ್ಸಿಸ್ ಎಂದು ಕರೆದು, ೧೯೬೫ ಮತ್ತು ೧೯೬೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಪ್ರತಿಪಾದಿಸಿದರು.

೧೯೬೭ರಲ್ಲೇ ಪ್ರಕಟವಾದ ಅವರ ಮತ್ತೊಂದು ಲೇಖನವು ನಮ್ಮ ದೃಷ್ಟಿಯಿಂದ ಇನ್ನೂ ಮುಖ್ಯವಾದುದು. ಸಣ್ಣ ರಂಧ್ರಗಳುಳ್ಳ ಮರೆಯೊಂದರ ಮೂಲಕ ಪಲೇಡಿಯಂ ಲೇಪಿಸಿ, ಅಸಿಟೇಟಿನ ಸಮುದ್ರದಲ್ಲಿ ಲೋಹದ ಪುಟ್ಟ ದ್ವೀಪಗಳನ್ನು ಅವರು ನಿರ್ಮಿಸಿದರು. ಒಂದೊಂದು ದ್ವೀಪದಲ್ಲಿ ಒಂದೊಂದು ಜೀವಕೋಶವನ್ನು ಪ್ರತ್ಯೇಕವಾಗಿ ಹಿಡಿದಿಡುವುದು ಇದರಿಂದ ಸಾಧ್ಯವಾಯಿತು. ಮುಂದಿನ ಮೂರು ದಶಕಗಳಲ್ಲಿ ಜೀವಕೋಶಗಳ ಸ್ಥಾನನಿರ್ದೇಶನಕ್ಕಾಗಿ ಬಂದ ವಿಧಾನಗಳೆಲ್ಲವೂ, ಅವುಗಳ ಸಾಮಗ್ರಿ ಎಷ್ಟೇ ಭಿನ್ನವಾಗಿರಲಿ, ತತ್ತ್ವತಃ ಈ ದ್ವೀಪ ಮತ್ತು ಸಮುದ್ರಗಳ ರಚನೆಯನ್ನೇ ಅನುಸರಿಸಿವೆ. ದ್ವೀಪವನ್ನು ಮಾಡಲು ಅನೇಕ ಲೋಹಗಳು ಒದಗಬಹುದು. ಸಮುದ್ರವನ್ನು ಒದಗಿಸುವ ವಸ್ತುಗಳು ಅಪೂರ್ವ.

ಅಂಟುವ ಸ್ಥಳದ ವಿಸ್ತಾರಕ್ಕೂ ಜೀವಕೋಶದ ನಡತೆಗೂ ಸಂಬಂಧವಿದೆಯೆಂಬುದು ೧೯೭೮ರಲ್ಲಿ ಪ್ರಕಟವಾಯಿತು. ಬಾಸ್ಟನ್ನಿನ ಜೂಡಾ ಫೋಕ್‌ಮನ್ ಮತ್ತು ಆನ್ ಮಾಸ್ಕೋನ ಅವರು ಪ್ಲಾಸ್ಟಿಕ್ ತಟ್ಟೆಗಳಿಗೆ ಪಾಲಿಹೇಮ ಎಂಬ ಪಾಲಿಮರನ್ನು ಬೇರೆಬೇರೆ ದಪ್ಪಗಳಲ್ಲಿ ಲೇಪಿಸಿದರು. ಈ ವಸ್ತು ನೀರನ್ನು ಹೀರುವ ಜಾತಿಯದು. ಚೆಕೊಸ್ಲೊವಾಕಿಯಾದ ಓಟ್ಟೊ ವಿಖ್ಟರ್ಲೆ ಅವರು ಮೃದುವಾದ ಕಣ್ಣಿನ ಮಸೂರಗಳಿಗೆ ಬಳಸಿದ ಪಾಲಿಮರುಗಳ ಕುಲಕ್ಕೆ ಸೇರಿದುದು. ಲೇಪ ದಪ್ಪವಾದಷ್ಟೂ ಅಂಟುವಿಕೆ ಕುಗ್ಗಿ, ಜೀವಕೋಶಗಳು ಹರಡದೆ ಗುಂಡಾಗಿ ಉಳಿದುವು. ಗುಂಡಾದಷ್ಟೂ ಅವುಗಳಲ್ಲಿ ಡಿಎನ್‌ಎ ನಿರ್ಮಾಣವು ಇಳಿಯಿತು. ಅಂಟುವಿಕೆಯು ಕೇವಲ ನಿಲ್ಲುವ ಸ್ಥಳದ ಪ್ರಶ್ನೆಯಲ್ಲ, ಬೆಳವಣಿಗೆಯ ಪ್ರಶ್ನೆಯೂ ಹೌದೆಂಬುದು ಇದರಿಂದ ಸ್ಥಿರಪಟ್ಟಿತು.

೩

ಈಗ ಎರಡನೆಯ ಧಾರೆಯತ್ತ ತಿರುಗೋಣ. ಕರಗುವ ಪಾಲಿಮರುಗಳ ಚರಿತ್ರೆಯು ಜೀವಶಾಸ್ತ್ರದಲ್ಲಿ ಆರಂಭವಾಗಲಿಲ್ಲ. ನೈಲಾನಿನ ನಿರ್ಮಾತೃವೆಂದು ಖ್ಯಾತರಾದ ವ್ಯಾಲೇಸ್ ಕ್ಯಾರೊಥರ್ಸ್ ಮತ್ತು ಅವರ ಸಂಗಡಿಗರು ೧೯೩೨ರಲ್ಲಿ ಆರು ಪರಮಾಣುಗಳ ಉಂಗುರವುಳ್ಳ ಎಸ್ಟರುಗಳು ಸರಪಳಿಯಾಗಿ ಕೂಡಿಕೊಳ್ಳುವುದನ್ನು ವಿವರಿಸಿದರು. ಲ್ಯಾಕ್ಟಿಕ್ ಆಮ್ಲದಿಂದ ದೊರೆಯುವ ಲ್ಯಾಕ್ಟೈಡ್ ಇಂಥ ಒಂದು ಉಂಗುರ. ಈ ಪಾಲಿಮರುಗಳ ಎಸ್ಟರ್ ಬಂಧಗಳನ್ನು ನೀರು ಕ್ರಮೇಣ ಕಡಿದುಹಾಕುತ್ತದೆ. ಬಟ್ಟೆಯ ನೂಲಿಗೆ ಇದು ದೊಡ್ಡ ದೋಷ. ಆದುದರಿಂದ ಇವು ಬಹುಕಾಲ ಉಪೇಕ್ಷಿತವಾಗಿಯೇ ಉಳಿದುವು.

ಆ ದೋಷವನ್ನು ಗುಣವೆಂದು ಕಂಡವರು ಶಸ್ತ್ರವೈದ್ಯರು. ೧೯೬೬ರಲ್ಲಿ ಆರ್. ಕೆ. ಕುಲಕರ್ಣಿ ಮತ್ತು ಸಹೋದ್ಯೋಗಿಗಳು ಅಮೆರಿಕದ ಸೈನ್ಯದ ವೈದ್ಯಕೀಯ ಪ್ರಯೋಗಾಲಯವೊಂದರಲ್ಲಿ ಪಾಲಿಲ್ಯಾಕ್ಟಿಕ್ ಆಮ್ಲವನ್ನು ಪ್ರಾಣಿಗಳ ದೇಹದಲ್ಲಿ ಇರಿಸಿ, ಅದು ವಿಷಕಾರಿಯಲ್ಲವೆಂದೂ ನಿಧಾನವಾಗಿ ಕರಗುತ್ತದೆಂದೂ ತೋರಿಸಿದರು. ಅದು ಕರಗಿ ಉಳಿಯುವ ಲ್ಯಾಕ್ಟಿಕ್ ಆಮ್ಲವು ನಮ್ಮ ಸ್ನಾಯುಗಳಲ್ಲಿ ಸಹಜವಾಗಿಯೇ ಉತ್ಪನ್ನವಾಗುವ ಪದಾರ್ಥವಲ್ಲವೆ? ೧೯೭೦ರ ಸುಮಾರಿಗೆ ಪಾಲಿಗ್ಲೈಕಾಲಿಕ್ ಆಮ್ಲದ ‘ಡೆಕ್ಸಾನ್’ ಹೊಲಿಗೆದಾರವೂ, ಕೆಲವು ವರ್ಷಗಳ ಅನಂತರ ಗ್ಲೈಕೊಲೈಡ್ ಮತ್ತು ಲ್ಯಾಕ್ಟೈಡುಗಳು ೯೦ಕ್ಕೆ ೧೦ರ ಪ್ರಮಾಣದಲ್ಲಿ ಬೆರೆತ ‘ವಿಕ್ರಿಲ್’ ದಾರವೂ ಬಳಕೆಗೆ ಬಂದುವು. ಪ್ರಾಣಿಗಳ ಕರುಳಿನಿಂದ ಮಾಡಿದ ಹಳೆಯ ದಾರವು ಇವುಗಳ ಮುಂದೆ ಹಿಂದೆ ಸರಿಯಿತು. ಈ ದಾರಗಳಿಂದ ವೈದ್ಯರು ಬಯಸಿದ್ದು ಬಲವನ್ನು, ನಿಯತಕಾಲದಲ್ಲಿ ಕರಗುವಿಕೆಯನ್ನು. ಜೀವಕೋಶಗಳನ್ನು ಹಿಡಿದು ನಿಲ್ಲಿಸುವ ಗುಣವನ್ನು ಯಾರೂ ಅವುಗಳಿಂದ ಅಪೇಕ್ಷಿಸಿರಲಿಲ್ಲ.

ಆ ಅಪೇಕ್ಷೆಯು ಹುಟ್ಟಿದ್ದು ಅವಯವಗಳ ಕೊರತೆಯಿಂದ. ಬಾಸ್ಟನ್ನಿನಲ್ಲಿ ಮಕ್ಕಳ ಶಸ್ತ್ರವೈದ್ಯರಾಗಿದ್ದ ವಕಾಂಟಿ ಅವರು, ಲ್ಯಾಂಗರ್ ಮೊದಲಾದವರೊಡನೆ ಸೇರಿ, ಯಕೃತ್ತು, ಕರುಳು, ಮೇದೋಜೀರಕಾಂಗಗಳ ಜೀವಕೋಶಗಳನ್ನು ಕರಗುವ ಪಾಲಿಮರಿನ ಮೇಲೆ ನೆಟ್ಟು ಪ್ರಾಣಿದೇಹದಲ್ಲಿ ಇಟ್ಟ ಪ್ರಯೋಗಗಳನ್ನು ೧೯೮೮ರಲ್ಲಿ ಪ್ರಕಟಿಸಿದರು. ದಾನಿಗಾಗಿ ಕಾಯುತ್ತಿರುವ ರೋಗಿಗೆ ಇಡೀ ಅವಯವದ ಬದಲು ಜೀವಕೋಶಗಳನ್ನೇ ಕೊಡಬಹುದೆಂಬ ಆಶೆಯು ಇದರ ಹಿಂದಿತ್ತು. ೧೯೯೭ರಲ್ಲಿ ಇಲಿಯೊಂದರ ಬೆನ್ನಿನ ಮೇಲೆ ಮನುಷ್ಯನ ಕಿವಿಯ ಆಕಾರದ ಮೃದ್ವಸ್ಥಿ ಬೆಳೆದ ಚಿತ್ರವು ಲೋಕವನ್ನೆಲ್ಲ ಬೆರಗುಗೊಳಿಸಿತು. ಅದು ಪಾಲಿಗ್ಲೈಕಾಲಿಕ್ ಆಮ್ಲದ ಎಳೆಗಳ ಜಾಲಕ್ಕೆ ಪಾಲಿಲ್ಯಾಕ್ಟಿಕ್ ಆಮ್ಲವನ್ನು ಲೇಪಿಸಿ, ದನದ ಮೃದ್ವಸ್ಥಿಯ ಜೀವಕೋಶಗಳನ್ನು ಬಿತ್ತಿ ಪಡೆದ ಫಲ. ಆದರೆ ಅಲ್ಲಿ ಕಿವಿಯ ಆಕಾರವು ಬಂದದ್ದು ಅಚ್ಚಿನಿಂದ; ಒಳಗೆ ಯಾವ ಜೀವಕೋಶ ಎಲ್ಲಿ ಕೂರಬೇಕೆಂಬುದನ್ನು ಯಾರೂ ನಿರ್ದೇಶಿಸಿರಲಿಲ್ಲ. ಮೃದ್ವಸ್ಥಿಯು ಏಕರೂಪವಾದ ಅಂಗಾಂಶವಾದುದರಿಂದ ಅಷ್ಟು ಸಾಕಾಯಿತು. ನರಗಳಿಗೆ, ರಕ್ತನಾಳಗಳಿಗೆ, ಯಕೃತ್ತಿಗೆ ಅಷ್ಟು ಸಾಲದು.

೪

ಜೀವಕೋಶವು ಹಿಡಿಯುವುದು ಯಾವುದನ್ನು? ಗಾಜನ್ನೆ, ಲೋಹವನ್ನೆ, ಪಾಲಿಮರನ್ನೆ? ವಾಸ್ತವವಾಗಿ ಇವು ಯಾವುದನ್ನೂ ಅಲ್ಲ. ರಕ್ತದ್ರವದಲ್ಲಿಯೂ ಪೋಷಕ ದ್ರವದಲ್ಲಿಯೂ ಇರುವ ಪ್ರೋಟೀನುಗಳು ಮೊದಲು ಮೇಲ್ಮೈಯನ್ನು ಮುಚ್ಚುತ್ತವೆ; ಜೀವಕೋಶವು ಹಿಡಿಯುವುದು ಆ ಪ್ರೋಟೀನಿನ ಪದರವನ್ನು. ಅವುಗಳಲ್ಲಿ ಮುಖ್ಯವಾದ ಒಂದು ಫೈಬ್ರೊನೆಕ್ಟಿನ್. ೧೯೮೪ರಲ್ಲಿ ಮೈಕೇಲ್ ಪಿಯರ್ಶ್‌ಬಾಕರ್ ಮತ್ತು ಎರ್ಕಿ ರೂಸ್‌ಲಾಹ್ಟಿ ಅವರು ಈ ದೊಡ್ಡ ಅಣುವಿನ ಅಂಟಿಸುವ ಶಕ್ತಿಯು ಅತ್ಯಲ್ಪವಾದ ಒಂದು ಭಾಗದಲ್ಲಿ ಅಡಗಿದೆಯೆಂದು ತೋರಿಸಿದರು. ಆರ್ಜಿನೀನ್, ಗ್ಲೈಸೀನ್, ಆಸ್ಪಾರ್ಟಿಕ್ ಆಮ್ಲ ಎಂಬ ಮೂರು ಅಮೈನೋ ಆಮ್ಲಗಳ ಅನುಕ್ರಮವೇ ಅದರ ಸಾರ. ಇದನ್ನು ಅವುಗಳ ಸಂಕೇತಾಕ್ಷರಗಳಿಂದ ಆರ್‌ಜಿಡಿ ಎನ್ನುವುದು ರೂಢಿ. ಜೀವಕೋಶದ ಹೊರಪೊರೆಯಲ್ಲಿರುವ ಇಂಟೆಗ್ರಿನ್ ಎಂಬ ಗ್ರಾಹಕಗಳು ಇದನ್ನು ಗುರುತಿಸಿ ಹಿಡಿಯುತ್ತವೆ. ವಿಧಿವಾಕ್ಯವು ಎಷ್ಟು ಚಿಕ್ಕದೆಂಬುದು ಇದರಿಂದ ತಿಳಿಯಿತು.

ನಿಷೇಧಕ್ಕೂ ಇದೇ ತಿಳಿವಳಿಕೆಯಿಂದ ದಾರಿಯಾಯಿತು. ಪ್ರೋಟೀನು ಕೂರದ ಮೇಲ್ಮೈಯಲ್ಲಿ ಜೀವಕೋಶವೂ ಕೂರಲಾರದು. ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಜಲಪ್ರಿಯ ಸರಪಳಿಗಳು ನೀರನ್ನು ಹಿಡಿದುಕೊಂಡು ಪ್ರೋಟೀನುಗಳನ್ನು ದೂರವಿಡುತ್ತವೆ. ಹಾರ್ವರ್ಡಿನಲ್ಲಿ ಜಾರ್ಜ್ ವೈಟ್‌ಸೈಡ್ಸ್ ಅವರ ಬಳಗವು ಚಿನ್ನದ ತೆಳುಪದರದ ಮೇಲೆ, ಸಿಲಿಕೋನ್ ರಬ್ಬರಿನ ಮುದ್ರೆಯಿಂದ, ಅಂಟುವ ಮತ್ತು ಅಂಟದ ಅಣುಗಳನ್ನು ಅಚ್ಚೊತ್ತುವ ವಿಧಾನವನ್ನು ೧೯೯೩ರ ವೇಳೆಗೆ ರೂಪಿಸಿತು. ೧೯೯೪ರಲ್ಲಿ ಇದೇ ವಿಧಾನದಿಂದ ಯಕೃತ್ತಿನ ಜೀವಕೋಶಗಳನ್ನು ದ್ವೀಪಗಳಲ್ಲಿ ನಿಲ್ಲಿಸಿದಾಗ, ಕಿರಿದಾದ ದ್ವೀಪಗಳಲ್ಲಿ ಅವು ವಿಭಜನೆಯ ಸಿದ್ಧತೆಯನ್ನು ನಿಲ್ಲಿಸಿ ಆಲ್ಬುಮಿನ್ ಸ್ರವಿಸುವ ಸ್ವಧರ್ಮವನ್ನು ಉಳಿಸಿಕೊಂಡುವು. ೧೯೯೭ರಲ್ಲಿ ಕ್ರಿಸ್ಟಫರ್ ಚೆನ್, ಡೊನಾಲ್ಡ್ ಇಂಗ್‌ಬರ್ ಮೊದಲಾದವರು ಲೋಮನಾಳಗಳ ಒಳಪದರದ ಜೀವಕೋಶಗಳನ್ನು ಪರೀಕ್ಷಿಸಿ, ಹರಡಲು ಎಡೆಯಿದ್ದಲ್ಲಿ ಅವು ಬೆಳೆಯುತ್ತವೆ, ಎಡೆಯಿಲ್ಲದಲ್ಲಿ ಸಾಯುತ್ತವೆ ಎಂದು ತೋರಿಸಿದರು. ಹಿಡಿಯಲು ದೊರೆಯುವ ಒಟ್ಟು ವಿಸ್ತಾರವನ್ನು ಬದಲಿಸದೆ, ಅದನ್ನು ಸಣ್ಣ ಚುಕ್ಕೆಗಳಾಗಿ ದೂರದೂರ ಹಂಚಿದಾಗಲೂ ಜೀವಕೋಶಗಳು ಚಾಚಿಕೊಂಡು ಬದುಕಿದುವು. ಹೀಗೆ ಸ್ಥಾನವಿನ್ಯಾಸವು ಜೀವನ್ಮರಣಗಳ ವಿಷಯವೆಂಬುದು ನಿಸ್ಸಂದೇಹವಾಯಿತು. ಆದರೆ ಈ ಪ್ರಯೋಗಗಳೆಲ್ಲ ನಡೆದದ್ದು ಚಿನ್ನದ ಮೇಲೆ. ಚಿನ್ನವು ದೇಹದಲ್ಲಿ ಕರಗುವುದಿಲ್ಲ.

೫

ಇದೇ ಬರವಣಿಗೆಯನ್ನು ಕರಗುವ ಪಾಲಿಮರಿನ ಮೇಲೆ ಏಕೆ ಬರೆಯಬಾರದು? ಅಡ್ಡಿಗಳು ಮೂರು. ಮೊದಲನೆಯದಾಗಿ, ಪಾಲಿಲ್ಯಾಕ್ಟಿಕ್ ಆಮ್ಲದ ಸರಪಳಿಯುದ್ದಕ್ಕೂ ಪೆಪ್ಟೈಡನ್ನು ಬಂಧಿಸಲು ಅನುಕೂಲವಾದ ರಾಸಾಯನಿಕ ಹಿಡಿಗಳಿಲ್ಲ. ಎರಡನೆಯದಾಗಿ, ಅದು ನೀರನ್ನು ಒಲ್ಲದ ವಸ್ತುವಾದುದರಿಂದ ಸಿಕ್ಕ ಪ್ರೋಟೀನುಗಳನ್ನೆಲ್ಲ ಮೈಮೇಲೆ ಎಳೆದುಕೊಳ್ಳುತ್ತದೆ. ಎಂದರೆ ಅಲ್ಲಿ ನಿಷೇಧವೇ ಇಲ್ಲ. ಮೂರನೆಯದಾಗಿ, ಸೂಕ್ಷ್ಮ ಚಿತ್ರಣಕ್ಕೆ ಬಳಸುವ ಅನೇಕ ದ್ರಾವಕಗಳು ಈ ಪಾಲಿಮರನ್ನೇ ಕರಗಿಸುತ್ತವೆ.

ಮೊದಲನೆಯ ಅಡ್ಡಿಯು ೧೯೯೩ರಲ್ಲಿ ನಿವಾರಣೆಯಾಯಿತು. ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಡೆನಿಸ್ ಬರೆರಾ, ಲ್ಯಾಂಗರ್ ಮೊದಲಾದವರು ಲ್ಯಾಕ್ಟಿಕ್ ಆಮ್ಲದ ಸರಪಳಿಯಲ್ಲಿ ಅಲ್ಲಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಸೇರಿಸಿ, ಅದರ ಹಿಡಿಗೆ ಆರ್‌ಜಿಡಿ ಪೆಪ್ಟೈಡನ್ನು ಬಂಧಿಸಿದರು. ಕರಗುವ ಪಾಲಿಮರಿಗೆ ವಿಧಿವಾಕ್ಯವು ದೊರೆತದ್ದು ಹೀಗೆ. ಆದರೆ ವಿಧಿಯು ಮೇಲ್ಮೈಯ ತುಂಬ ವ್ಯಾಪಿಸಿತ್ತೇ ಹೊರತು, ಇಲ್ಲಿ ಎಂದೂ ಅಲ್ಲಿ ಎಂದೂ ವಿಂಗಡವಾಗಿರಲಿಲ್ಲ.

ಉಳಿದ ಎರಡು ಅಡ್ಡಿಗಳನ್ನು ಒಟ್ಟಿಗೆ ದಾಟಿದ್ದು ೧೯೯೮ರಲ್ಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಕೆವಿನ್ ಶೇಕ್ಸ್‌ಹೆಫ್ ಮತ್ತು ಸಂಗಡಿಗರು, ಲ್ಯಾಂಗರರ ಬಳಗದ ಸಹಯೋಗದಿಂದ, ಮೂರು ಅಂಗಗಳುಳ್ಳ ಅಣುವೊಂದನ್ನು ಬಳಸಿದರು. ಅದರ ಒಂದು ಭಾಗ ಪಾಲಿಲ್ಯಾಕ್ಟಿಕ್ ಆಮ್ಲ. ಇದು ಕರಗುವ ಒಡಲು. ಎರಡನೆಯದು ಪಾಲಿಎಥಿಲೀನ್ ಗ್ಲೈಕಾಲ್. ಇದು ಪ್ರೋಟೀನುಗಳನ್ನು ತಡೆಯುವ ನಿಷೇಧ. ತುದಿಯಲ್ಲಿದ್ದದ್ದು ಬಯೋಟಿನ್ ಎಂಬ ವಿಟಮಿನ್. ಇದು ವಿಧಿಯನ್ನು ತಗುಲಿಸುವ ಕೊಕ್ಕೆ. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ನನ್ನು ಹಿಡಿಯುವ ಬಿಗಿಯು ಜೀವರಸಾಯನದಲ್ಲಿಯೇ ಅಸಾಧಾರಣವಾದುದು. ಜೊತೆಗೆ ಪ್ರತಿಯೊಂದು ಅವಿಡಿನ್ನಿಗೂ ಇಂಥ ನಾಲ್ಕು ಹಿಡಿಗಳಿವೆ. ಸಿಲಿಕೋನ್ ರಬ್ಬರಿನ ಅಚ್ಚಿನ ನೆರವಿನಿಂದ ಅವಿಡಿನ್ನನ್ನು ಗೆರೆಗೆರೆಯಾಗಿ ಇಟ್ಟರೆ, ಅದು ಕೆಳಗಿನ ಬಯೋಟಿನ್ನನ್ನು ಕೆಲವು ಹಿಡಿಗಳಿಂದ ಹಿಡಿದು, ಉಳಿದ ಹಿಡಿಗಳಿಂದ ಬಯೋಟಿನ್ ಸೇರಿಸಿದ ಪೆಪ್ಟೈಡನ್ನು ಹಿಡಿಯುತ್ತದೆ. ಈ ಕೆಲಸವೆಲ್ಲ ನೀರಿನಲ್ಲಿಯೇ ನಡೆಯುವುದರಿಂದ ಪಾಲಿಮರಿಗೆ ದ್ರಾವಕದ ಭಯವಿಲ್ಲ. ರಕ್ತನಾಳದ ಒಳಪದರದ ಜೀವಕೋಶಗಳೂ, ನರಕೋಶಗಳ ಗುಣವುಳ್ಳ ಪಿಸಿ-೧೨ ಎಂಬ ಜೀವಕೋಶಗಳೂ ಮೈಕ್ರಾನುಗಳ ಅಳತೆಯ ಆ ಗೆರೆಗಳನ್ನು ಹಿಡಿದು ಬೆಳೆದುವು. ಜೇಡರಬಲೆಯ ಎಳೆಯು ಹ್ಯಾರಿಸನ್ನರಿಗೆ ತೋರಿಸಿದ್ದನ್ನು, ೮೪ ವರ್ಷಗಳ ಅನಂತರ, ಕರಗುವ ಹಾಳೆಯ ಮೇಲೆ ಬೇಕಾದ ಕಡೆ ಬರೆಯಲು ಸಾಧ್ಯವಾಯಿತು.

೬

ಇದರಿಂದ ಸಿದ್ಧಿಸುವ ಪ್ರಯೋಜನವೇನು? ಒಂದು ಉದಾಹರಣೆಯನ್ನು ನೋಡೋಣ. ಕೈಕಾಲುಗಳ ನರವು ಕಡಿದುಹೋದರೆ, ಅದರ ತಂತುಗಳು ದಿನಕ್ಕೆ ಸುಮಾರು ೧ ಮಿಲಿಮೀಟರಿನಂತೆ ಮರಳಿ ಬೆಳೆಯಬಲ್ಲವು. ಆದರೆ ಎರಡು ತುದಿಗಳ ನಡುವೆ ಅಂತರವಿದ್ದರೆ ದಾರಿ ತಪ್ಪುತ್ತವೆ. ೧೯೯೦ರಲ್ಲಿ ಸೂಸನ್ ಮೆಕಿನನ್ ಮತ್ತು ಲೀ ಡೆಲನ್ ಅವರು ಪಾಲಿಗ್ಲೈಕಾಲಿಕ್ ಆಮ್ಲದ ಕೊಳವೆಯಿಂದ ರೋಗಿಗಳ ನರಗಳನ್ನು ಜೋಡಿಸಿದ ವಿವರವನ್ನು ಪ್ರಕಟಿಸಿದರು. ಅದರಿಂದ ಅನೇಕರಿಗೆ ಸ್ಪರ್ಶಜ್ಞಾನವು ಮರಳಿತು. ಆದರೆ ಆ ಕೊಳವೆಯು ಹೊರಗೋಡೆ ಮಾತ್ರ, ಒಳಗೆ ದಾರಿಯನ್ನು ತೋರಿಸುವ ಗೆರೆಗಳಿರಲಿಲ್ಲ. ಅಂತರವು ಕಿರಿದಾದಾಗ ಗೋಡೆಯೇ ಸಾಕು, ದೀರ್ಘವಾದಾಗ ಸಾಲದು. ಗೆರೆ ಬರೆಯುವ ವಿದ್ಯೆಯ ಅವಶ್ಯಕತೆ ಇರುವುದು ಇಲ್ಲಿಯೇ. ಮುಂದೆ ೨೦೦೪ರಲ್ಲಿ ಚೆನ್ ಅವರ ಬಳಗವು ಮನುಷ್ಯನ ಮಜ್ಜೆಯ ಮೂಲಕೋಶಗಳನ್ನು ಪರೀಕ್ಷಿಸಿ, ಕಿರಿದಾದ ದ್ವೀಪದಲ್ಲಿ ಅವು ಕೊಬ್ಬಿನ ಕೋಶಗಳಾಗಿಯೂ ವಿಶಾಲವಾದ ದ್ವೀಪದಲ್ಲಿ ಮೂಳೆಯ ಕೋಶಗಳಾಗಿಯೂ ಮಾರ್ಪಡುವ ಒಲವನ್ನು ತೋರುತ್ತವೆಂದು ಸಿದ್ಧಪಡಿಸಿದುದು, ಸ್ಥಾನದ ಪ್ರಶ್ನೆಗೆ ಇನ್ನೂ ಹೆಚ್ಚಿನ ಗೌರವವನ್ನು ತಂದಿತು.

ಆದರೂ ಈ ವಿದ್ಯೆಯ ಮಿತಿಗಳನ್ನು ಮರೆಮಾಚುವುದು ಚರಿತ್ರಕಾರನಿಗೆ ತಕ್ಕುದಲ್ಲ. ಜೀವಕೋಶಗಳು ತಾವು ನಿಂತ ನೆಲವನ್ನು ತಾವೇ ಬದಲಿಸುತ್ತವೆ. ಫೈಬ್ರೊನೆಕ್ಟಿನ್ ಮೊದಲಾದವನ್ನು ಸ್ರವಿಸಿ, ದಿನಗಳು ಕಳೆದಂತೆ ನಿಷೇಧದ ಗಡಿಯನ್ನು ದಾಟುತ್ತವೆ. ಪಾಲಿಮರು ಕರಗತೊಡಗಿದಂತೆ ಅದರ ಮೇಲಿನ ಬರೆಹವೂ ಅಳಿಯುತ್ತದೆ. ಆದುದರಿಂದ ಸ್ಥಳದ ನಿಯಂತ್ರಣದೊಡನೆ ಕಾಲದ ನಿಯಂತ್ರಣವೂ ಕೂಡಬೇಕು. ಅವಿಡಿನ್ ಕೋಳಿಮೊಟ್ಟೆಯದಾದುದರಿಂದ ದೇಹಕ್ಕೆ ಪರಕೀಯವಾದುದು. ಎಲ್ಲಕ್ಕಿಂತ ಮುಖ್ಯವಾಗಿ, ಹಾಳೆಯ ಮೇಲಿನ ಗೆರೆಯು ಎರಡು ಆಯಾಮಗಳದು. ಅವಯವವು ಮೂರು ಆಯಾಮಗಳದು. ಪ್ರಯೋಗಾಲಯದ ಗೆರೆಗೂ ರೋಗಿಯ ಹಾಸಿಗೆಗೂ ನಡುವಣ ದೂರವು ೧೯೯೦ರ ದಶಕದ ಉತ್ಸಾಹವು ಎಣಿಸಿದುದಕ್ಕಿಂತ ಹೆಚ್ಚಿನದೆಂಬುದು ಅನಂತರದ ವರ್ಷಗಳಲ್ಲಿ ಸ್ಪಷ್ಟವಾಗಿದೆ.

ಮೇಲಿನ ವಿವೇಚನೆಯಿಂದ ಎರಡು ನಿರ್ಣಯಗಳು ದೊರೆಯುತ್ತವೆ. ಒಂದನೆಯದು, ಈ ಕ್ಷೇತ್ರದಲ್ಲಿ ಬಹುಕಾಲ ಮುನ್ನಡೆಯನ್ನು ತಡೆದದ್ದು ಅಂಟಿಸುವ ಉಪಾಯದ ಅಭಾವವಲ್ಲ, ಅಂಟದಂತೆ ಮಾಡುವ ಉಪಾಯದ ಅಭಾವ. ಸೆಲ್ಯುಲೋಸ್ ಅಸಿಟೇಟ್, ಪಾಲಿಹೇಮ, ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೂರು ನಿಷೇಧಗಳು ಒಂದೊಂದಾಗಿ ದೊರೆತಾಗಲೇ ಹೊಸ ಹೆಜ್ಜೆಗಳು ಸಾಧ್ಯವಾದುವು. ಎರಡನೆಯದು, ೧೯೯೮ರ ಸಾಧನೆಯನ್ನು ಅರಿಯಲು ೧೯೧೪ರ ಮತ್ತು ೧೯೬೭ರ ಲೇಖನಗಳನ್ನು ಓದುವುದು ಅವಶ್ಯಕ. ಮೊದಲನೆಯದು ಪ್ರಶ್ನೆಯನ್ನು ಕೊಟ್ಟಿತು, ಎರಡನೆಯದು ವಿಧಾನವನ್ನು ಕೊಟ್ಟಿತು. ಈ ವಿಷಯವನ್ನು ಬೋಧಿಸುವ ಅಧ್ಯಾಪಕರು ಕಿವಿ ಹೊತ್ತ ಇಲಿಯ ಚಿತ್ರದ ಪಕ್ಕದಲ್ಲಿ ಜೇಡರ ಎಳೆಯನ್ನು ಹಿಡಿದ ಕಪ್ಪೆಯ ಜೀವಕೋಶದ ಚಿತ್ರವನ್ನೂ ವಿದ್ಯಾರ್ಥಿಗಳ ಮುಂದೆ ಇಡುವುದಾದರೆ, ಮುಂದಿನ ಸಂಶೋಧಕರು ಯಾವ ಪ್ರಶ್ನೆಯಿಂದ ತೊಡಗಬೇಕೆಂಬುದು ಅವರಿಗೆ ಸುಲಭವಾಗಿ ವಿದಿತವಾಗುವುದೆಂದು ನಾವು ನಂಬಿದ್ದೇವೆ.